ಕಟ್ಟೆ ಒಡೆದ ಮೇಲಿನ ಕೆಲಸ: ಎಲ್ವಾ ನದಿಗೆ ದಿಮ್ಮಿ, ಬೀಜ, ಸಸಿ ಮರಳಿದ ಬಗೆ

ಎಲ್ವಾ ನದಿಯನ್ನು ಸರಿಪಡಿಸಲು ಅಮೆರಿಕದಲ್ಲಿ ಖರ್ಚಾದದ್ದು ಸುಮಾರು 32.5 ಕೋಟಿ ಡಾಲರ್. ಎರಡು ಅಣೆಕಟ್ಟುಗಳನ್ನು ಒಡೆಯುವ ಗುತ್ತಿಗೆ ಅದರಲ್ಲಿ ಸುಮಾರು 2.7 ಕೋಟಿಯದ್ದು, ಅಂದರೆ ಹತ್ತರಲ್ಲಿ ಒಂದು ಪಾಲೂ ಇಲ್ಲ. ಆದರೆ ಪತ್ರಿಕೆಗಳಲ್ಲಿ, ಟೀವಿಯಲ್ಲಿ ಬಂದದ್ದೆಲ್ಲ ಆ ಹತ್ತನೇ ಪಾಲಿನ ಚಿತ್ರಗಳೇ: ಕಾಂಕ್ರೀಟ್ ಕುಟ್ಟುವ ಯಂತ್ರ, ಬಿರುಕಿನಿಂದ ನುಗ್ಗುವ ಕೆಸರು ನೀರು. ಉಳಿದ ಹಣದಲ್ಲಿ ದೊಡ್ಡ ಭಾಗ ನೀರು ಶುದ್ಧೀಕರಣ ಘಟಕಗಳಿಗೆ ಹೋಯಿತು, ಕಟ್ಟೆಗಳನ್ನು ಮಾಲೀಕರಿಂದ ಕೊಳ್ಳಲು 2.95 ಕೋಟಿ ಬೇಕಾಯಿತು. ಬೀಜ ಕೂಡಿಸಿದ್ದು, ಸಸಿ ನೆಟ್ಟದ್ದು, ನದಿಗೆ ಮರದ ದಿಮ್ಮಿ ತಂದು ಹಾಕಿದ್ದು ಯಾರ ಕ್ಯಾಮೆರಾಕ್ಕೂ ಅಷ್ಟಾಗಿ ಬೀಳಲಿಲ್ಲ. ಈ ಬರಹ ಮುಖ್ಯವಾಗಿ ಆ ಕೆಲಸದ ಬಗ್ಗೆ. ಕಟ್ಟೆ ತೆಗೆದರೆ ನೀರಿಗೆ ದಾರಿಯಾಗುತ್ತದೆ. ನೂರು ವರ್ಷ ಜಲ್ಲಿ, ಮರ ಎರಡೂ ಸಿಗದೆ ಸೊರಗಿದ ನದಿ ಅಷ್ಟರಿಂದಲೇ ನದಿಯಾಗಿಬಿಡುವುದಿಲ್ಲ.

ಹಿನ್ನೆಲೆ

ಎಲ್ವಾ ವಾಷಿಂಗ್ಟನ್ ರಾಜ್ಯದ ವಾಯವ್ಯ ಮೂಲೆಯಲ್ಲಿ, ಒಲಿಂಪಿಕ್ ಪರ್ಯಾಯದ್ವೀಪದ ಹಿಮದ ಬೆಟ್ಟಗಳಲ್ಲಿ ಹುಟ್ಟಿ ಉತ್ತರಕ್ಕೆ ಹರಿದು ವಾನ್ ಡೆ ಫುಕಾ ಜಲಸಂಧಿ ಸೇರುವ ನದಿ. ಉದ್ದ ಸುಮಾರು 72 ಕಿಲೋಮೀಟರ್, ನಮ್ಮ ನೇತ್ರಾವತಿಗಿಂತಲೂ ಕಿರಿದು. ಜಲಾನಯನದ ಶೇ. 83 ಭಾಗ ಒಲಿಂಪಿಕ್ ರಾಷ್ಟ್ರೀಯ ಉದ್ಯಾನದ ಒಳಗಿದೆ. ಆ ಕಾಡಿಗೆ ಕೊಡಲಿ ಬಿದ್ದಿಲ್ಲ. ಈ ಒಂದು ಅಂಶವನ್ನು ಮರೆತು ಎಲ್ವಾದ ಯಶಸ್ಸನ್ನು ಕೊಂಡಾಡಬಾರದು. ಕೆಟ್ಟದ್ದು ನದಿಯ ಕೆಳಭಾಗ. ಮೇಲೆ ನೀರೂ ಕಾಡೂ ನೆಟ್ಟಗೇ ಇದ್ದವು.

ಸಮುದ್ರದಿಂದ ಎಂಟು ಕಿಲೋಮೀಟರ್ ಮೇಲಕ್ಕೆ 33 ಮೀಟರ್ ಎತ್ತರದ ಎಲ್ವಾ ಅಣೆಕಟ್ಟು 1913ರಲ್ಲಿ ಮುಗಿಯಿತು. ಇನ್ನೂ ಮೇಲೆ ಗ್ಲೈನ್ಸ್ ಕಣಿವೆಯಲ್ಲಿ 64 ಮೀಟರ್ ಎತ್ತರದ ಇನ್ನೊಂದು 1927ರಲ್ಲಿ ಎದ್ದಿತು. ಎರಡೂ ವಿದ್ಯುತ್ತಿಗಾಗಿ. ಮೀನು ಹತ್ತಲು ದಾರಿ ಬಿಡದೆ ಕಟ್ಟೆ ಕಟ್ಟಕೂಡದು ಎಂಬ ಕಾನೂನು ಆ ರಾಜ್ಯದಲ್ಲಿ ಆಗಲೇ ಇತ್ತು. ದಾರಿಯ ಬದಲು ಮೀನುಮರಿ ಸಾಕುವ ಕೇಂದ್ರವೊಂದನ್ನು ಕಟ್ಟಿಕೊಟ್ಟು ಕಾನೂನಿನಿಂದ ಪಾರಾದರು. 1922ರ ಹೊತ್ತಿಗೆ ಆ ಕೇಂದ್ರವೂ ಮುಚ್ಚಿತು.

ಸಾಲ್ಮನ್ ಮೀನಿನ ಬದುಕು ಗೊತ್ತಿದ್ದರೆ ಈ ನಷ್ಟ ಎಷ್ಟೆಂದು ಅಂದಾಜಾಗುತ್ತದೆ. ಅದು ನದಿಯ ಜಲ್ಲಿಯಲ್ಲಿ ಹುಟ್ಟಿ, ಸಮುದ್ರಕ್ಕಿಳಿದು, ಅಲ್ಲೇ ಬೆಳೆದು, ಮೊಟ್ಟೆ ಇಡಲು ಹುಟ್ಟಿದ ನದಿಗೇ ಹತ್ತಿ ಬರುತ್ತದೆ. ಹೆಚ್ಚಿನ ಜಾತಿಗಳು ಅಲ್ಲೇ ಸಾಯುತ್ತವೆ. ಆ ಕಳೇಬರಗಳು ಕರಡಿ, ಹದ್ದು, ಹುಳುಹುಪ್ಪಟೆಗಳಿಗೆ ಆಹಾರವಾಗಿ ಕೊನೆಗೆ ದಡದ ಮರಗಳ ಬೇರಿಗೆ ಸೇರುತ್ತವೆ. ಪೆಸಿಫಿಕ್ ಸಾಲ್ಮನ್‌ನ ಐದೂ ಜಾತಿಗಳು, ಜೊತೆಗೆ ಸ್ಟೀಲ್‌ಹೆಡ್ ಟ್ರೌಟ್ ಎಲ್ವಾದಲ್ಲಿ ಏರುತ್ತಿದ್ದವು. ಸಾಲ್ಮನ್‌ನಲ್ಲೇ ಒಂದು ಜಾತಿಯಾದ ಚಿನೂಕ್‌ಗೆ, ಅದೂ 45 ಕಿಲೋ ತೂಗುವಂಥವಕ್ಕೆ, ಈ ನದಿ ಹೆಸರಾಗಿತ್ತು. ಕಟ್ಟೆ ಬಂದ ಮೇಲೆ ಮೀನಿಗೆ ಉಳಿದದ್ದು ಕೆಳಗಿನ ಎಂಟು ಕಿಲೋಮೀಟರ್. ಮುಖ್ಯ ನದಿ, ಉಪನದಿ ಸೇರಿ ನೂರು ಕಿಲೋಮೀಟರಿಗೂ ಮಿಕ್ಕಿದ ಜಾಗ ಕೈತಪ್ಪಿತು.

ಅದರ ಜೊತೆಗೆ ಕ್ಲಾಲಮ್ ಜನರ ಊಟವೂ ಹೋಯಿತು. ನದೀಮುಖದಲ್ಲಿ ಬದುಕುವ ಈ ಮೂಲನಿವಾಸಿಗಳು ತಮ್ಮ ಕುಲ ಹುಟ್ಟಿತೆಂದು ನಂಬುವ ಬಂಡೆಯ ತಾಣವೂ ಕೆಳಗಿನ ಜಲಾಶಯದಲ್ಲಿ ಮುಳುಗಿತು. 1986ರಲ್ಲಿ ಕಟ್ಟೆಗಳ ಪರವಾನಗಿ ಪ್ರಕ್ರಿಯೆಯಲ್ಲಿ ಬುಡಕಟ್ಟು ಸರ್ಕಾರ ಅಧಿಕೃತವಾಗಿ ಮಧ್ಯೆ ಪ್ರವೇಶಿಸಿತು. ನದಿಯನ್ನು ಪುನಃಸ್ಥಾಪಿಸುವ ಕಾಯ್ದೆ 1992ರಲ್ಲಿ ಅಮೆರಿಕದ ಸಂಸತ್ತಿನಲ್ಲಿ ಪಾಸಾಯಿತು. ಕಟ್ಟೆ ಒಡೆಯುವ ಕೆಲಸ ಶುರುವಾದದ್ದು 2011ರ ಸೆಪ್ಟೆಂಬರಿನಲ್ಲಿ. ನಡುವಿನ ಹತ್ತೊಂಬತ್ತು ವರ್ಷ ಕಡತ, ಅನುದಾನ, ವಿರೋಧಗಳಲ್ಲಿ ಕಳೆಯಿತು. ಬುಡಕಟ್ಟಿನವರು ಆ ವರ್ಷಗಳಲ್ಲಿ ಕೈಕಟ್ಟಿ ಕೂರಲಿಲ್ಲ.

ಕೆಳಗಿನ ಎಂಟು ಕಿಲೋಮೀಟರ್

ಜಲಾಶಯದ ತಳದಲ್ಲಿ ಹೂಳು ಕೂರುತ್ತದೆ ಎಂದು ನಮಗೆಲ್ಲ ಗೊತ್ತು. ಅಷ್ಟೇ ಜಲ್ಲಿ, ಮರಳು ಕೆಳಗಿನ ನದಿಗೆ ಸಿಗದೇ ಹೋಯಿತು ಎಂಬುದರ ಕಡೆ ಗಮನ ಹೋಗುವುದು ಕಡಿಮೆ. ಎರಡು ಕಟ್ಟೆಗಳ ಹಿಂದೆ ಸುಮಾರು 2.1 ಕೋಟಿ ಘನ ಮೀಟರ್ ಹೂಳು ನಿಂತಿತ್ತು. ಕೆಳಗೆ ಹರಿಯುತ್ತಿದ್ದದ್ದು ತಿಳಿನೀರು. ನೋಡಲು ಚೆಂದ, ನದಿಗೆ ಕೇಡು. ಹೊರೆಯಿಲ್ಲದ ನೀರು ತಳದ ಸಣ್ಣ ಜಲ್ಲಿಯನ್ನೆಲ್ಲ ಗೋರಿ ಒಯ್ದು ತಲೆಗಾತ್ರದ ಉರುಟುಕಲ್ಲುಗಳನ್ನಷ್ಟೇ ಬಿಟ್ಟಿತು. ಹೆಣ್ಣು ಸಾಲ್ಮನ್ ಬಾಲದಿಂದ ಜಲ್ಲಿ ಕೆದಕಿ ಗುಳಿ ಮಾಡಿ ಮೊಟ್ಟೆ ಇಡುತ್ತದೆ. ಬಂಡೆ ಹಾಸಿದ ತಳದಲ್ಲಿ ಏನನ್ನು ಕೆದಕಲಾದೀತು?

ಮರದ ಕಥೆಯೂ ಹಾಗೆಯೇ. ಮೇಲಿನ ಕಾಡಿನಿಂದ ನೆರೆಯಲ್ಲಿ ತೇಲಿ ಬರುತ್ತಿದ್ದ ದೈತ್ಯ ಮರಗಳು ಕಟ್ಟೆಗೆ ಬಂದು ನಿಂತವು. ಕೆಳದಂಡೆಯ ಮರಗಳನ್ನು ಜನ ಕಡಿದಾಗಿತ್ತು. ಇದಕ್ಕೆ ಆ ಕಾಲದ ತಿಳಿವಳಿಕೆಯೂ ಜೊತೆಗೂಡಿತು. ಪೆಸಿಫಿಕ್ ಕರಾವಳಿಯ ಮೀನುಗಾರಿಕೆ ಇಲಾಖೆಗಳೇ 1970ರ ದಶಕದವರೆಗೂ ಹೊಳೆಗಳಿಂದ ದಿಮ್ಮಿಗಳನ್ನು ಎಳೆಸಿ ಹಾಕುತ್ತಿದ್ದವು. ಬಿದ್ದ ಮರ ಮೀನಿನ ದಾರಿಗೆ ಅಡ್ಡ, ಹೊಳೆ ಎಂದರೆ ಚೊಕ್ಕಟವಾಗಿರಬೇಕು ಎಂಬ ನಂಬಿಕೆ. ಮೀನಿನ ಮೇಲಿನ ಪ್ರೀತಿಯಿಂದಲೇ ಮೀನಿನ ಮನೆ ಕೆಡವಿದ ಈ ಪ್ರಸಂಗ ನನಗಂತೂ ಕಟ್ಟೆಗಿಂತ ಹೆಚ್ಚು ಕಾಡುತ್ತದೆ. ಕಟ್ಟೆ ಕಟ್ಟಿದವರಿಗೆ ಲಾಭದ ಲೆಕ್ಕವಾದರೂ ಇತ್ತು.

ನಮ್ಮ ಮಲೆನಾಡಿನಲ್ಲೂ ಮಳೆಗಾಲದಲ್ಲಿ ಸೇತುವೆಯ ಕಂಬಕ್ಕೆ ಸಿಕ್ಕಿಕೊಂಡ ಮರಗಳನ್ನು ಜೆಸಿಬಿ ತಂದು ಎಳೆಸುತ್ತೇವೆ. ಸೇತುವೆ ಉಳಿಯಬೇಕಾದರೆ ಅದು ಬೇಕು. ಯಾವ ಸೇತುವೆಯೂ ಇಲ್ಲದ ಕಾಡಹಳ್ಳದಲ್ಲಿ ಬಿದ್ದ ಮರವನ್ನೂ ಕಸ ಎಂದೇ ನೋಡುವ ಅಭ್ಯಾಸ ಬೇರೆ ವಿಷಯ.

ದಿಮ್ಮಿ ಒಟ್ಟುವ ವಿದ್ಯೆ

ನದಿಯಲ್ಲಿ ಮರ ಏನು ಮಾಡುತ್ತದೆ ಎಂಬುದನ್ನು ಚೆನ್ನಾಗಿ ಓದಿಕೊಂಡದ್ದು ಅದೇ ಪರ್ಯಾಯದ್ವೀಪದ ಇನ್ನೊಂದು ನದಿ ಕ್ವೀಟ್ಸ್‌ನಲ್ಲಿ. ಅಲ್ಲಿ ಕಟ್ಟೆ ಇಲ್ಲ, ದಂಡೆಯಲ್ಲಿ ಹಳೆಯ ಕಾಡು ಇದೆ. ಟಿಮ್ ಆಬಿ ಎಂಬ ಭೂವಿಜ್ಞಾನಿ 1990ರ ದಶಕದಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಡೇವಿಡ್ ಮಾಂಟ್ಗೊಮೆರಿ ಜೊತೆ ಅಲ್ಲಿನ ಸಹಜ ದಿಮ್ಮಿ ಒಟ್ಟಲುಗಳನ್ನು ಅಳೆದು ನೋಡಿದರು. ಪ್ರತಿ ದೊಡ್ಡ ಒಟ್ಟಲಿನ ಬುಡದಲ್ಲೂ ಬೇರುಸಹಿತ ಉರುಳಿದ ಒಂದು ಭಾರಿ ಮರ ಇರುತ್ತಿತ್ತು. ಬೇರಿನ ಬುಡ ನದಿತಳಕ್ಕೆ ಲಂಗರಿನಂತೆ ಕಚ್ಚಿಕೊಳ್ಳುತ್ತದೆ, ಕಾಂಡ ಹರಿವಿನ ದಿಕ್ಕಿಗೆ ಚಾಚಿಕೊಳ್ಳುತ್ತದೆ. ಆಮೇಲೆ ಬರುವ ಮರಗಳು ಅದಕ್ಕೆ ತಗುಲಿ ನಿಲ್ಲುತ್ತವೆ. ಒಟ್ಟಲಿನ ಮುಂದೆ ನೀರು ಸುತ್ತಿ ಮಡು ಕೊರೆಯುತ್ತದೆ, ಹಿಂದೆ ವೇಗ ಇಳಿದು ಜಲ್ಲಿ ಬೀಳುತ್ತದೆ, ಜಲ್ಲಿಯ ಮೇಲೆ ಸಸಿ ಏಳುತ್ತದೆ. ಹೀಗೆ ಹುಟ್ಟಿದ ನಡುಗಡ್ಡೆಗಳ ಮೇಲೆ ಎಷ್ಟೋ ಹಳೆಯ ಮರಗಳು ನಿಂತಿದ್ದವು. ಹರಿಯುವ ನದಿಯ ನಡುವೆ ಕಾಡು ಅಷ್ಟು ಕಾಲ ಬಾಳಿತೆಂದರೆ ಅದಕ್ಕೆ ಕೊಳೆಯುತ್ತಾ ಬಿದ್ದ ಮರವೇ ಆಸರೆ. ಆಬಿ ಈ ತಿಳಿವಳಿಕೆಯನ್ನು ಎಂಜಿನಿಯರಿಂಗ್ ನಕ್ಷೆಗೆ ಇಳಿಸಿದರು. ಅದಕ್ಕೆ ಎಂಜಿನಿಯರ್ಡ್ ಲಾಗ್ ಜಾಮ್ ಎಂಬ ಹೆಸರು ನಿಂತಿದೆ.

ಲೋವರ್ ಎಲ್ವಾ ಕ್ಲಾಲಮ್ ಬುಡಕಟ್ಟಿನ ಮೀನು ವಿಭಾಗ 1999ರಲ್ಲಿ ಇಂಥ ಒಟ್ಟಲುಗಳನ್ನು ಕೆಳ ಎಲ್ವಾದಲ್ಲಿ ಕಟ್ಟಲು ತೊಡಗಿತು. ಕಟ್ಟೆ ಒಡೆಯುವುದಕ್ಕೆ ಇನ್ನೂ ಹನ್ನೆರಡು ವರ್ಷ ಇತ್ತು. ಒಡೆದಾಗ ಮೇಲಿಂದ ಬರುವ ಜಲ್ಲಿಯನ್ನು ಹಿಡಿದಿಡಲು, ಕೆಸರಿನ ವರ್ಷಗಳಲ್ಲಿ ಮೀನಿಗೆ ಆಸರೆ ಕೊಡಲು ನದಿಯನ್ನು ಮೊದಲೇ ಸಜ್ಜು ಮಾಡುವುದು ಉದ್ದೇಶ. ವರ್ಷಕ್ಕೆ ಕೆಲವಂತೆ ಕಟ್ಟುತ್ತಾ ಹೋಗಿ ಒಟ್ಟು ಸುಮಾರು 50 ಆದವು.

ಒಂದು ಒಟ್ಟಲು ಕಟ್ಟುವ ಬಗೆ ಹೀಗೆ. ಬೇಸಿಗೆ ಕೊನೆಗೆ ನೀರು ಇಳಿದಾಗ ಹಿಟಾಚಿ ಇಳಿಸಿ ನದಿಪಾತ್ರದಲ್ಲಿ ಆಳವಾದ ಗುಂಡಿ ತೋಡುತ್ತಾರೆ. ಹರಿವು ತಳವನ್ನು ಎಷ್ಟು ಆಳಕ್ಕೆ ಕೊರೆಯಬಹುದು ಎಂಬ ಲೆಕ್ಕದ ಮೇಲೆ ಗುಂಡಿಯ ಆಳ. ಬೇರಿನ ಬುಡ ಉಳಿಸಿಕೊಂಡ ದೊಡ್ಡ ಮರಗಳನ್ನು, ಬುಡ ಮೇಲ್ಹರಿವಿನ ಕಡೆಗೆ ಬರುವಂತೆ, ಮೊದಲ ಸಾಲಾಗಿ ಮಲಗಿಸುತ್ತಾರೆ. ಮೇಲೆ ಅಡ್ಡ ಸಾಲು, ಮತ್ತೆ ಉದ್ದ ಸಾಲು. ಸಂದುಗಳಿಗೆ ರೆಂಬೆ, ಸಣ್ಣ ಕೊರಡು ತುರುಕುತ್ತಾರೆ. ತೋಡಿದ ಜಲ್ಲಿಯನ್ನೇ ಮೇಲೆ ಹೇರುತ್ತಾರೆ. ಮರ ತೇಲದಂತೆ ಒತ್ತಿ ಹಿಡಿಯುವುದು ಈ ಭಾರವೇ. ತುದಿಯಲ್ಲಿ ವಿಲೋ ಕಡ್ಡಿಗಳನ್ನು ನೆಡುತ್ತಾರೆ, ಅವು ಬೇರುಬಿಟ್ಟರೆ ಒಟ್ಟಲನ್ನು ಜೀವಂತ ಹೆಣಿಗೆಯಾಗಿ ಬಿಗಿಯುತ್ತವೆ.

ಮೀನುಮರಿಗಳ ಎಣಿಕೆಯಲ್ಲಿ ಫಲ ಕಂಡಿತು: ಒಟ್ಟಲಿನ ಮಡುವಿನಲ್ಲಿ ಮರಿಗಳ ದಟ್ಟಣೆ ಬೋಳು ದಡಕ್ಕಿಂತ ಹೆಚ್ಚು. ಒತ್ತಿನಲ್ಲಿ ಬತ್ತಿಹೋಗಿದ್ದ ಕವಲುಗಳಿಗೆ ನೀರು ತಿರುಗಿತು. ನದಿಗೆ ಕವಲು ಮುಖ್ಯ, ಏಕೆಂದರೆ ನೆರೆಯ ದಿನ ಬೆರಳುದ್ದದ ಮರಿ ನಡುನೀರಿನಲ್ಲಿ ನಿಲ್ಲಲಾರದು.

ಇಲ್ಲಿ ಒಂದು ಮಾತು ಹೇಳಬೇಕು. ದಿಮ್ಮಿ ಒಟ್ಟಲು ಎಂದೆಂದಿಗೂ ಇರುವಂಥದ್ದಲ್ಲ. ನೀರಿನ ಒಳಗಿನ ಮರ ತಡವಾಗಿ ಕೊಳೆಯುತ್ತದೆ, ನೀರಿನ ಅಂಚಿನದು ಬೇಗ. ಕೆಲವು ದಶಕಗಳಲ್ಲಿ ಅದು ಸಡಿಲುವುದು ಖಂಡಿತ. ಅಷ್ಟರೊಳಗೆ ದಡದಲ್ಲಿ ಮರ ಬೆಳೆದು, ನದಿಯೇ ಅವನ್ನು ಕೊಚ್ಚಿ ತನ್ನ ಒಟ್ಟಲನ್ನು ತಾನೇ ಕಟ್ಟಿಕೊಳ್ಳುವಂತಾಗಬೇಕು. ಹಾಗಾಗಿ ದಿಮ್ಮಿ ಹಾಕುವುದು, ಸಸಿ ನೆಡುವುದು ಎರಡು ಬೇರೆ ಯೋಜನೆಗಳೆಂದು ಬರೆಯುವ ವರದಿಗಳನ್ನು ನಾನು ಒಪ್ಪುವುದಿಲ್ಲ. ಸಸಿ ಇಲ್ಲದ ಒಟ್ಟಲು ಸಾಲ ತಂದು ಸಂಸಾರ ಮಾಡಿದಂತೆ.

ಬಯಲಾದ ಎಂಟುನೂರು ಎಕರೆ

ಎಲ್ವಾ ಅಣೆಕಟ್ಟು 2012ರ ಮಾರ್ಚ್ ಹೊತ್ತಿಗೆ ಇಲ್ಲವಾಯಿತು. ಗ್ಲೈನ್ಸ್ ಕಟ್ಟೆಯ ಕೊನೆಯ ತುಂಡು ಹಾರಿದ್ದು 2014ರ ಆಗಸ್ಟ್‌ನಲ್ಲಿ. ನೀರನ್ನು ಹಂತಹಂತವಾಗಿ ಇಳಿಸಿ, ನಡುನಡುವೆ ನಿಲ್ಲಿಸಿ, ನದಿ ಅತ್ತಿತ್ತ ಹೊರಳಾಡಿ ಹೂಳನ್ನು ಕೊರೆಯಲು ಬಿಟ್ಟರು. ಮೀನು ಏರುವ ತಿಂಗಳುಗಳಲ್ಲಿ ಒಡೆಯುವ ಕೆಲಸಕ್ಕೆ ರಜೆ.

ಕೆಳಗಿನ ಎಲ್ವಾ ಕಟ್ಟೆಯ ಹಿಂದಿನ ಆಲ್ಡ್‌ವೆಲ್, ಗ್ಲೈನ್ಸ್ ಕಟ್ಟೆಯ ಹಿಂದಿನ ಮಿಲ್ಸ್ ಜಲಾಶಯಗಳು ಬತ್ತಿದಾಗ ಸುಮಾರು 800 ಎಕರೆ ನೆಲ ಬೆತ್ತಲಾಗಿ ಎದ್ದಿತು. ಆಲ್ಡ್‌ವೆಲ್‌ನ ತಳದಲ್ಲಿ ಭಾರಿ ಬೊಡ್ಡೆಗಳು ಕಂಡವು. ಜಲಾಶಯ ತುಂಬುವ ಮುಂಚೆ ಕಡಿದ ಸೀಡರ್ ಮರಗಳವು. ಬೊಡ್ಡೆಯ ಪಕ್ಕದಲ್ಲಿ ಕಚ್ಚುಗಳು ಹಾಗೇ ಉಳಿದಿದ್ದವು. ಗರಗಸದವರು ಅದಕ್ಕೆ ಹಲಗೆ ಸಿಕ್ಕಿಸಿ ಮೇಲೆ ನಿಂತು ಕೊಯ್ಯುತ್ತಿದ್ದರು. ನೂರು ವರ್ಷ ನೀರಿನಡಿ ಇದ್ದ ಕಾರಣ ಕೊಳೆತಿರಲಿಲ್ಲ. ಕ್ಲಾಲಮ್ ಹಿರಿಯರು ಕೇಳಿಕೊಂಡೇ ಬಂದಿದ್ದ ಸೃಷ್ಟಿತಾಣದ ಬಂಡೆಯೂ 2012ರಲ್ಲಿ ಹೊರಬಂತು.

ಈ ನೆಲದಲ್ಲಿ ಕಾಡು ಎಬ್ಬಿಸುವುದು ಹೇಗೆ? ಬಿಟ್ಟರೆ ತಾನೇ ಬರುತ್ತದೆ ಎನ್ನುವವರಿದ್ದರು. ಏನಾದರೂ ಬರುವುದು ನಿಜ, ಆದರೆ ಮೊದಲು ಬರುವುದು ಕಳೆ. ರೀಡ್ ಕ್ಯಾನರಿ ಹುಲ್ಲು, ಸ್ಕಾಚ್ ಬ್ರೂಮ್, ಹಿಮಾಲಯನ್ ಬ್ಲ್ಯಾಕ್‌ಬೆರಿ ಆ ಸೀಮೆಯ ಪೀಡೆಗಳು, ನಮ್ಮ ಲಂಟಾನ, ಪಾರ್ಥೇನಿಯಂ ಇದ್ದ ಹಾಗೆ. ಅದಕ್ಕೇ ಕಟ್ಟೆ ಒಡೆಯುವ ಮೊದಲೇ ಜಲಾಶಯದ ಸುತ್ತಲಿನ ಕಳೆ ಕೀಳಲು ಉದ್ಯಾನದವರು ತೊಡಗಿದ್ದರು.

ಬೀಜದ ವಿಷಯದಲ್ಲಿ ಅವರದ್ದು ಕಟ್ಟುನಿಟ್ಟು. ಎಲ್ವಾ ಜಲಾನಯನದ ಒಳಗಿನ ಗಿಡಗಳ ಬೀಜವೇ ಆಗಬೇಕು. ಪಕ್ಕದ ಕಣಿವೆಯ ಅದೇ ಜಾತಿಯದೂ ಬೇಡ. ಸಿಬ್ಬಂದಿಯೂ ಸ್ವಯಂಸೇವಕರೂ ವರ್ಷಗಟ್ಟಲೆ ಕಾಡು ಸುತ್ತಿ ಹಿಡಿಹಿಡಿ ಬೀಜ ಕೂಡಿಸಿದರು. ಹುಲ್ಲಿನ ಬೀಜವನ್ನು ಆರಗನ್ ರಾಜ್ಯದ ಕೊರ್ವಾಲಿಸ್‌ನಲ್ಲಿರುವ ಕೃಷಿ ಇಲಾಖೆಯ ಕೇಂದ್ರಕ್ಕೆ ಕಳಿಸಿ ಹೊಲದಲ್ಲಿ ಬೆಳೆಸಿ ಹೆಚ್ಚಿಸಿದರು. ಸಸಿಗಳನ್ನು ಸಿಕ್ವಿಮ್ ಹತ್ತಿರದ ಮ್ಯಾಟ್ ಆಲ್‌ಬ್ರೈಟ್ ದೇಸಿ ಸಸ್ಯ ಕೇಂದ್ರದಲ್ಲಿ ಸಾಕಿದರು. 2011ರ ಕೊನೆಗೆ, ಅಲ್ಲಿನ ಮಳೆಗಾಲದಲ್ಲಿ, ನೆಡುವ ಕೆಲಸ ಶುರು. ಏಳು ವರ್ಷಗಳಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಸಸಿ, ಎರಡು ಸಾವಿರ ಕಿಲೋ ಮೀರಿದ ಬೀಜ ನೆಲ ಸೇರಿತು: ಡಗ್ಲಸ್ ಫರ್, ಕೆಂಪು ಸೀಡರ್, ದೊಡ್ಡೆಲೆಯ ಮೇಪಲ್, ಕಾಟನ್‌ವುಡ್, ವಿಲೋ, ಹತ್ತಾರು ಬಗೆಯ ಪೊದೆ, ಹುಲ್ಲು.

ಸಂಖ್ಯೆ ಕೇಳಿ ತಲೆದೂಗುವುದು ಸುಲಭ. ನಮ್ಮಲ್ಲೂ ವನಮಹೋತ್ಸವದ ಮರುದಿನದ ಸುದ್ದಿಯಲ್ಲಿ ಇರುವುದು ನೆಟ್ಟ ಸಸಿಯ ಲೆಕ್ಕವೇ. ಎಲ್ವಾದಲ್ಲಿ ನನಗೆ ಮೆಚ್ಚುಗೆಯಾದದ್ದು ಎಲ್ಲಿ ನೆಡಬಾರದು ಎಂದು ಅವರು ಗುರುತಿಸಿಕೊಂಡ ರೀತಿ. ಈ ವಿಭಾಗದ ಹೊಣೆ ಹೊತ್ತಿದ್ದ ಉದ್ಯಾನದ ಸಸ್ಯತಜ್ಞ ಜೋಶುವಾ ಚೆನೊವೆತ್ ಮತ್ತು ಸಂಗಡಿಗರು ಹೂಳನ್ನು ಎರಡಾಗಿ ನೋಡಿದರು. ಕಣಿವೆಯ ಇಳಿಜಾರಿಗೆ ಮೆತ್ತಿಕೊಂಡದ್ದು ನಯವಾದ ರೇವೆ ಮಣ್ಣು. ಅದು ತೇವ ಹಿಡಿಯುತ್ತದೆ, ಪಕ್ಕದಲ್ಲೇ ಕಾಡಿರುವುದರಿಂದ ಬೀಜ ಗಾಳಿಗೆ ಬಂದು ಬೀಳುತ್ತದೆ. ಅಲ್ಲಿ ವಿಲೋ, ಕಾಟನ್‌ವುಡ್, ಆಲ್ಡರ್ ಸಸಿಗಳು ಯಾರೂ ನೆಡದೆ ಒತ್ತಾಗಿ ಎದ್ದವು. ಕಣಿವೆಯ ನಡುವೆ, ಅದರಲ್ಲೂ ಮಿಲ್ಸ್‌ನ ಮೇಲ್ತುದಿಯಲ್ಲಿ, ಮರಳು ಜಲ್ಲಿಯ ಎತ್ತರದ ದಿಬ್ಬಗಳು ಉಳಿದವು. ಹಳೆಯ ನದೀಮುಖಜ ಭೂಮಿಯನ್ನು ನದಿ ಕೊರೆದು ಬಿಟ್ಟ ಮೆಟ್ಟಿಲುಗಳವು. ಅಂತರ್ಜಲ ಆಳದಲ್ಲಿ, ಮೇಲೆ ಬಿಸಿಲು, ಗಾಳಿ, ಸಾರವಿಲ್ಲದ ಜಲ್ಲಿ. ಮಳೆಕಾಡಿನ ಮಗ್ಗುಲಲ್ಲೇ ಒಂದು ಮರುಭೂಮಿ. ಅಲ್ಲಿ ಸಸಿ ನೆಟ್ಟರೆ ಎಷ್ಟೋ ಸತ್ತವು. ನದಿಯ ಈಗಿನ ಪಾತ್ರಕ್ಕೆ ತೀರ ಹತ್ತಿರದ ಜಾಗವನ್ನು ಬಿಟ್ಟೇಬಿಟ್ಟರು, ಇವತ್ತು ನೆಟ್ಟದ್ದು ನಾಳಿನ ನೆರೆಗೆ ಹೋಗುವುದು ಖಚಿತವಿತ್ತು.

ಜಲ್ಲಿ ದಿಬ್ಬದಲ್ಲಿ ಸಸಿಗಿಂತ ಬೀಜ ಗೆದ್ದಿತು, ಅದೂ ಒಂದೇ ಗಿಡದ್ದು. ನದೀ ಲೂಪಿನ್ ಎಂಬ ಅಲ್ಲಿಯದೇ ಗಿಡ, ಅವರೆ, ತೊಗರಿಯ ಕುಟುಂಬದ್ದು. ಗಾಳಿಯ ಸಾರಜನಕವನ್ನು ಬೇರಿನ ಗಂಟುಗಳಲ್ಲಿ ಹಿಡಿದು ನೆಲಕ್ಕೆ ಕೊಡುತ್ತದೆ. ನೇರಳೆ ಹೂ ಬಿಟ್ಟು ಪೊದೆಯಾಗಿ ಹಬ್ಬಿ, ಬೀಜ ಸಿಡಿಸಿ ಮರುವರ್ಷ ಇನ್ನಷ್ಟು ದೂರಕ್ಕೆ ಹೋಯಿತು. ಕೆಲವು ಕಡೆ ಅದೇ ಹೆಚ್ಚಾಗಿ ಬೇರೆ ಸಸಿಗಳಿಗೆ ಜಾಗ ಇಲ್ಲದಂತಾಯಿತು ಎಂಬ ಆಕ್ಷೇಪಣೆಗೂ ಅರ್ಥವಿದೆ. ಆದರೆ ಕಳೆ ಹಿಡಿಯಬಹುದಾಗಿದ್ದ ಬೋಳು ಜಲ್ಲಿಯನ್ನು ದೇಸಿ ಗಿಡ ಹಿಡಿದುಕೊಂಡಿತು, ಉದುರಿದ ಎಲೆಯಿಂದ ಮಣ್ಣು ಅನ್ನುವಂಥದ್ದು ಮೊದಲ ಬಾರಿಗೆ ಆಗತೊಡಗಿತು.

ಮತ್ತೊಂದು ಉಪಾಯ ದಿಮ್ಮಿಯದೇ, ಈ ಸಲ ಒಣನೆಲದಲ್ಲಿ. ದಾರಿಯಿಲ್ಲದ ದಿಬ್ಬಗಳ ಮೇಲೆ ಹೆಲಿಕಾಪ್ಟರಿನಲ್ಲಿ ಮರಗಳನ್ನು ತೂಗಿ ತಂದು ಗುಂಪುಗುಂಪಾಗಿ ಇಳಿಸಿದರು. ಇದು ಹುಚ್ಚು ಖರ್ಚು ಎಂದು ಯಾರಿಗೂ ಅನಿಸಬೇಕು, ನನಗೂ ಅನಿಸಿತ್ತು. ಅದು ಮಾಡಿದ ಕೆಲಸಗಳನ್ನು ಒಂದೊಂದಾಗಿ ನೋಡಿದರೆ ಅಭಿಪ್ರಾಯ ಬದಲಾಗುತ್ತದೆ. ದಿಮ್ಮಿಯ ನೆರಳಿನಲ್ಲಿ ತೇವ ನಿಲ್ಲುತ್ತದೆ. ಗಾಳಿ ತಗ್ಗಿ, ಹಾರಿ ಬಂದ ಬೀಜ ಅದರ ಮಗ್ಗುಲಲ್ಲಿ ಬೀಳುತ್ತದೆ. ಬಯಲಿನಲ್ಲಿ ಕೂರಲು ಜಾಗವಿಲ್ಲದ ಹಕ್ಕಿಗಳು ಅದರ ಮೇಲೆ ಕೂತು, ಕಾಡಿನಲ್ಲಿ ತಿಂದ ಹಣ್ಣಿನ ಬೀಜವನ್ನು ಹಿಕ್ಕೆಯಲ್ಲಿ ಉದುರಿಸುತ್ತವೆ. ಇಲಿ, ಸುಂಡಿಲಿಗಳು ಅಡಿಯಲ್ಲಿ ಸೇರಿಕೊಳ್ಳುತ್ತವೆ. ಇನ್ನು ಎಲ್ಕ್. ಕಡವೆಗಿಂತ ದೊಡ್ಡ ಈ ಜಿಂಕೆ ಹಿಂಡುಗಟ್ಟಿ ಬಂದು ಎಳೆ ಕಾಟನ್‌ವುಡ್ಡಿನ ತುದಿ ಮೇಯುತ್ತದೆ. ಅಡ್ಡಾದಿಡ್ಡಿ ಬಿದ್ದ ದಿಮ್ಮಿಗಳ ನಡುವೆ ಕಾಲಿಡಲು ಅದಕ್ಕೆ ಹಿಂಜರಿಕೆ. ಒಳಗಿನ ಸಸಿಗೆ ಬೇಲಿ ಸಿಕ್ಕಿದಂತಾಯಿತು. ದಿಬ್ಬ ಮುಂದೊಮ್ಮೆ ನದಿಗೆ ಕುಸಿದರೆ ಆ ದಿಮ್ಮಿಯೇ ನೀರಿಗಿಳಿದು ಒಟ್ಟಲಾಗುತ್ತದೆ. ಹೀಗಾಗಿ ಖರ್ಚು ದಂಡವಾಗುವ ಸಂಭವ ಕಡಿಮೆ.

ಎಡವಟ್ಟುಗಳು

2012ರ ಅಕ್ಟೋಬರಿನಿಂದ ಸುಮಾರು ಒಂದು ವರ್ಷ ಗ್ಲೈನ್ಸ್ ಕಟ್ಟೆಯ ಕೆಲಸ ನಿಂತೇಹೋಯಿತು. ಪೋರ್ಟ್ ಏಂಜಲೀಸ್ ಪಟ್ಟಣಕ್ಕೂ ಕಾರ್ಖಾನೆಗೂ ನೀರು ಕೊಡಲೆಂದು ಕೆಳಗೆ ಹೊಸದಾಗಿ ಕಟ್ಟಿದ್ದ ಘಟಕದ ಜಾಲರಿಗಳು ಎಲೆ, ಕಡ್ಡಿ, ಹೂಳಿನಿಂದ ಕಟ್ಟಿಕೊಂಡವು. ಹೂಳಿನ ಮಾದರಿ ಲೆಕ್ಕಗಳನ್ನು ಹತ್ತಾರು ವರ್ಷ ಮಾಡಿದವರು ಕಸಕಡ್ಡಿಯನ್ನು ಕಡೆಗಣಿಸಿದ್ದರು.

ಮೊದಲ ಐದು ವರ್ಷಗಳಲ್ಲಿ ನಿಂತಿದ್ದ ಹೂಳಿನ ಮೂರರಲ್ಲಿ ಎರಡು ಪಾಲು ಕೆಳಗಿಳಿಯಿತು. ಹೆಚ್ಚಿನದು ಸಮುದ್ರ ಸೇರಿ ನದೀಮುಖದಲ್ಲಿ ಸುಮಾರು 60 ಹೆಕ್ಟೇರ್ ಹೊಸ ನೆಲ ಕಟ್ಟಿತು. ದಾರಿಯಲ್ಲಿ ನದಿತಳ ಏರಿತು, ಬುಡಕಟ್ಟಿನವರು ಕಟ್ಟಿದ ಕೆಲವು ಒಟ್ಟಲುಗಳು ಜಲ್ಲಿಯಲ್ಲಿ ಹೂತವು. ಅವು ಹಾಳಾದವು ಎಂದು ಬರೆದವರಿದ್ದಾರೆ. ಜಲ್ಲಿ ಹಿಡಿಯಲೆಂದೇ ಇಟ್ಟ ಒಟ್ಟಲು ಜಲ್ಲಿ ಹಿಡಿದು ಹೂತುಹೋದರೆ ಅದು ಸೋಲು ಹೇಗಾದೀತು ಎಂಬುದು ನನ್ನ ಪ್ರಶ್ನೆ.

ಹೊಸ ಬಲ ಬಂದ ನದಿ ಮನುಷ್ಯನ ಸೊತ್ತನ್ನೂ ಬಿಡಲಿಲ್ಲ. ಉದ್ಯಾನದೊಳಗಿನ ಎರಡು ಶಿಬಿರತಾಣಗಳು ಕೊಚ್ಚಿಹೋದವು. ಕಣಿವೆಯ ರಸ್ತೆ ಮತ್ತೆಮತ್ತೆ ಕಿತ್ತುಹೋಗಿ ಕೊನೆಗೆ ವಾಹನಕ್ಕೆ ಮುಚ್ಚಿತು. 101ನೇ ಹೆದ್ದಾರಿಯ 1926ರ ಸೇತುವೆಯ ಕಂಬಗಳು ಬಂಡೆಯ ಮೇಲಲ್ಲ, ಜಲ್ಲಿಯ ಮೇಲೆ ನಿಂತಿವೆ ಎಂಬುದು ಬುಡ ಕೊರೆಯತೊಡಗಿದ ಮೇಲೆ ಬಯಲಾಯಿತು. ಹೊಸ ಸೇತುವೆ 2024ರಲ್ಲಿ ತೆರೆಯಿತು. ನದಿಗೆ ಅಲೆದಾಡುವ ಸ್ವಾತಂತ್ರ್ಯ ಕೊಡುತ್ತೇವೆ ಎಂದು ಯೋಜನೆಯಲ್ಲಿ ಬರೆಯುವುದು ಸುಲಭ. ರಸ್ತೆ, ಸೇತುವೆ, ತೋಟ, ಮನೆ ದಡಕ್ಕೆ ಒತ್ತಿಕೊಂಡೇ ಇರುವ ನಮ್ಮ ಹೊಳೆಗಳಲ್ಲಿ ಈ ಬಾಬ್ತು ಇನ್ನೂ ದೊಡ್ಡದಾಗುತ್ತದೆ. ಯಾರಾದರೂ ಎಲ್ವಾವನ್ನು ಮಾದರಿ ಎಂದು ತೋರಿಸಿದರೆ ಮೊದಲು ಕೇಳಬೇಕಾದದ್ದು ದಡದ ಜಮೀನು ಯಾರದು ಎಂದು.

ಮೀನಿನ ಲೆಕ್ಕ

ಮೀನು ಕಾಯಲಿಲ್ಲ. ಕೆಳಗಿನ ಕಟ್ಟೆ ಹೋದ ವರ್ಷವೇ, 2012ರಲ್ಲಿ, ಚಿನೂಕ್ ಅದರ ಜಾಗ ದಾಟಿ ಮೇಲೆ ಹೋಯಿತು. ಲಿಟಲ್ ರಿವರ್, ಇಂಡಿಯನ್ ಕ್ರೀಕ್ ಎಂಬ ಉಪನದಿಗಳಿಗೆ ಬುಡಕಟ್ಟಿನವರು ಕೋಹೋ ಜಾತಿಯ ಸಾಲ್ಮನ್‌ಗಳನ್ನು ಸಾಗಿಸಿ ಬಿಟ್ಟಿದ್ದು ಮುಖ್ಯ ನದಿಯ ಕೆಸರಿನ ವರ್ಷಗಳಲ್ಲಿ ಉಪಕಾರಕ್ಕೆ ಬಂತು. ಗ್ಲೈನ್ಸ್ ಒಡೆದ ಮೇಲೆ ಕಣಿವೆಗೆ ಬಿದ್ದ ಬಂಡೆಗಳು ದಾರಿ ಕಟ್ಟಿದವು, ಸಿಡಿಮದ್ದಿಟ್ಟು ಸರಿಸಬೇಕಾಯಿತು.

ಎಲ್ಲರೂ ಬೆರಗಾದದ್ದು ಬೇಸಿಗೆ ಸ್ಟೀಲ್‌ಹೆಡ್‌ನಿಂದ. ಅದು ನಶಿಸಿತೆಂದೇ ಬಗೆದಿದ್ದರು. ಕಟ್ಟೆಯ ಮೇಲ್ಭಾಗದಲ್ಲಿ ನೂರು ವರ್ಷ ಸಿಕ್ಕಿಬಿದ್ದು ಹೊಳೆಯಲ್ಲೇ ಬದುಕು ಸಾಗಿಸಿದ ರೇನ್‌ಬೋ ಟ್ರೌಟ್ ಅದೇ ಜಾತಿಯ ಮೀನು. ದಾರಿ ತೆರೆದದ್ದೇ ಅವುಗಳ ಸಂತತಿ ಸಮುದ್ರಕ್ಕಿಳಿದು, ದೊಡ್ಡದಾಗಿ ಬೆಳೆದು, ಬೇಸಿಗೆಯಲ್ಲಿ ಏರಿ ಬಂದಿತು. ಇದಕ್ಕೆ ಯಾರೂ ಮರಿ ತಂದು ಬಿಟ್ಟಿರಲಿಲ್ಲ.

ಚಿನೂಕ್‌ನ ಕಥೆ ಅಷ್ಟು ಸಲೀಸಾಗಿಲ್ಲ. ಏರಿ ಬರುವವುಗಳಲ್ಲಿ ಬಹುಪಾಲು ಈಗಲೂ ಮರಿಕೇಂದ್ರದಲ್ಲಿ (1922ರಲ್ಲಿ ಮುಚ್ಚಿದ್ದಲ್ಲ, ಆಮೇಲೆ ಬಂದದ್ದು) ಹುಟ್ಟಿದವೇ. ಕೆಸರಿನ ವರ್ಷಗಳಲ್ಲಿ ತಳಿ ನಶಿಸದಿರಲಿ ಎಂದು ಕೇಂದ್ರವನ್ನು ಉಳಿಸಿಕೊಂಡಿದ್ದರು. ಸಾಕಿದ ಮೀನು ಕಾಡುಮೀನಿನ ಕಸುವನ್ನು ಕೆಡಿಸುತ್ತದೆ ಎಂದು ಅದರ ವಿರುದ್ಧ ನ್ಯಾಯಾಲಯಕ್ಕೆ ಹೋದವರೂ ಇದ್ದಾರೆ. ಪಿಂಕ್, ಚಮ್ ಎಂಬ ಸಾಲ್ಮನ್ ಜಾತಿಗಳ ಸಂಖ್ಯೆ ಇನ್ನೂ ಕಡಿಮೆಯೇ. ಒಟ್ಟಲು, ಕವಲು, ಜಲ್ಲಿ ಎಲ್ಲ ಸಿದ್ಧವಿದ್ದರೂ ಮೀನಿನ ಪೀಳಿಗೆಗೆ ತನ್ನದೇ ವೇಗ.

2011ರಲ್ಲಿ ನದಿಯಲ್ಲಿ ಮೀನು ಹಿಡಿಯುವುದನ್ನು ಎಲ್ಲರೂ ನಿಲ್ಲಿಸಿದ್ದರು, ಕ್ಲಾಲಮ್ ಜನ ಕೂಡ. ಹನ್ನೆರಡು ವರ್ಷದ ಬಳಿಕ, 2023ರ ಅಕ್ಟೋಬರಿನಲ್ಲಿ, ಬುಡಕಟ್ಟಿನವರಿಗಷ್ಟೇ ಊಟಕ್ಕೂ ಆಚರಣೆಗೂ ಬೇಕಾದಷ್ಟು ಕೋಹೋ ಹಿಡಿಯಲು ನದಿ ತೆರೆಯಿತು. ಚಿನೂಕ್‌ಗೆ ಆಗ ಅನುಮತಿ ಇರಲಿಲ್ಲ.